ಡೆಬಿಯನ್‌ನಲ್ಲಿ ಪ್ಯಾಕೇಜೊಂದು ‘ಟೆಸ್ಟಿಂಗ್’ಗೆ ಮತ್ತು ‘ಸ್ಟೇಬಲ್’ಗೆ ಸೇರುವ ಬಗೆ: ಪ್ಯಾಕೇಜ್ ಮಾಡುವವರಿಗೊಂದು ಮಾರ್ಗದರ್ಶಿ

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ಗೆ ಪ್ಯಾಕೇಜ್, ಅಂದರೆ ಅನುಸ್ಥಾಪಿಸಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟು, ಮಾಡುವುದನ್ನು ಹೊಸದಾಗಿ ಕಲಿಯುತ್ತಿರುವ ಓದುಗರಿಂದ ಒಂದು ಪ್ರಶ್ನೆ ಹೆಚ್ಚುಕಡಿಮೆ ಒಂದೇ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ: “ನನ್ನ ಪ್ಯಾಕೇಜ್ ಅನ್‌ಸ್ಟೇಬಲ್‌ಗೆ ಸೇರಿ ಮೂರು ವಾರವಾಯಿತು. ಅದಿನ್ನೂ ಟೆಸ್ಟಿಂಗ್‌ಗೆ ಹೋಗಿಲ್ಲ. ಟೆಸ್ಟಿಂಗ್‌ಗೆ ಅಪ್‌ಲೋಡ್ ಮಾಡುವುದು ಹೇಗೆ?” ಉತ್ತರ ಚಿಕ್ಕದು: ಟೆಸ್ಟಿಂಗ್‌ಗೆ ಯಾರೂ ನೇರವಾಗಿ ಅಪ್‌ಲೋಡ್ ಮಾಡುವುದಿಲ್ಲ. ಪ್ಯಾಕೇಜ್ ಕೆಲವು ನಿಯಮಗಳನ್ನು ಪೂರೈಸಿದಾಗ ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಪೂರೈಸದಿದ್ದರೆ ಎಷ್ಟು ವಾರವಾದರೂ ಇದ್ದಲ್ಲೇ ಇರುತ್ತದೆ. ಆ ನಿಯಮಗಳು ಯಾವುವು, ಅವುಗಳಲ್ಲಿ ನಿಮ್ಮ ಕೈಯಲ್ಲಿರುವುದೆಷ್ಟು, ಜನ ಎಲ್ಲಿ ಎಡವುತ್ತಾರೆ ಎಂಬುದನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಶುರು ಮಾಡುವ ಮೊದಲು ಕೆಲವು ಸಿದ್ಧತೆಗಳು ಆಗಿರಬೇಕು. ಅನ್‌ಸ್ಟೇಬಲ್ ಪರಿಸರದಲ್ಲಿ ಪ್ಯಾಕೇಜನ್ನು ಕಟ್ಟಲು ಎಸ್‌ಬಿಲ್ಡ್‌ನಂತಹ ಉಪಕರಣ, ತಪ್ಪು ಹುಡುಕಲು ಲಿಂಟಿಯನ್, ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ದಾಖಲೆ, ತಿದ್ದಲು ಡೆವ್‌ಸ್ಕ್ರಿಪ್ಟ್ಸ್ ನಿಮ್ಮ ಯಂತ್ರದಲ್ಲಿರಲಿ. ನಿಮಗೆ ಸ್ವಂತ ಅಪ್‌ಲೋಡ್ ಹಕ್ಕು ಇಲ್ಲದಿದ್ದರೆ ನಿಮ್ಮ ಕೆಲಸವನ್ನು ಪರಿಶೀಲಿಸಿ ಅಪ್‌ಲೋಡ್ ಮಾಡುವ ಪ್ರಾಯೋಜಕರು, ಅಂದರೆ ಸ್ಪಾನ್ಸರ್, ಬೇಕಾಗುತ್ತಾರೆ. ಈ ಲೇಖನದಲ್ಲಿ ಆವೃತ್ತಿಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ಹೆಸರುಗಳ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಿ

‘ಸ್ಟೇಬಲ್’ ಎಂದರೆ ಕೈಕೊಡದ ತಂತ್ರಾಂಶ, ‘ಅನ್‌ಸ್ಟೇಬಲ್’ ಎಂದರೆ ಕೈಕೊಡುವ ತಂತ್ರಾಂಶ ಎಂದು ಬಹಳ ಮಂದಿ ಭಾವಿಸಿರುತ್ತಾರೆ. ಇಲ್ಲಿ ನಮ್ಮ ‘ಸ್ಥಿರ’ ಎಂಬ ಪದ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ. ಒಂದು ಮನೆಯನ್ನು ಸ್ಥಿರಾಸ್ತಿ ಎಂದು ಕರೆದಾಗ ಅದರ ಗೋಡೆ ಗಟ್ಟಿಯಾಗಿದೆ ಎಂದು ನಾವು ಹೇಳುತ್ತಿರುವುದಿಲ್ಲ, ಅದು ಇದ್ದಲ್ಲಿಂದ ಕದಲುವುದಿಲ್ಲ ಎಂದಷ್ಟೇ ಹೇಳುತ್ತಿರುತ್ತೇವೆ. ಡೆಬಿಯನ್‌ನ ಸ್ಟೇಬಲ್ ಕೂಡ ಹಾಗೆಯೇ. ಬಿಡುಗಡೆಯಾದ ಮೇಲೆ ಅದರೊಳಗಿನ ಆವೃತ್ತಿಗಳು ಕದಲುವುದಿಲ್ಲ, ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿಗಳು ಮಾತ್ರ ಒಳಗೆ ಬರುತ್ತವೆ. ಅನ್‌ಸ್ಟೇಬಲ್ ಎಂದರೆ ದಿನವೂ ಬದಲಾಗುವ ಸಂಗ್ರಹ. ಅದರ ಸಂಕೇತನಾಮ ಎಂದೆಂದಿಗೂ ‘ಸಿಡ್’. ಟೆಸ್ಟಿಂಗ್ ಇವೆರಡರ ನಡುವಿನದು, ಅಂದರೆ ಮುಂದಿನ ಸ್ಟೇಬಲ್ ಆಗಲು ತಯಾರಾಗುತ್ತಿರುವ ಸಂಗ್ರಹ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ, ಈ ಲೇಖನದ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ‘ಟೆಸ್ಟಿಂಗ್’ ಎಂಬುದು ಒಂದು ಪ್ಯಾಕೇಜಿನ ಗುಣವಲ್ಲ, ಒಂದಕ್ಕೊಂದು ಹೊಂದಿಕೊಂಡ ಪ್ಯಾಕೇಜುಗಳ ಗುಂಪಿನ ಗುಣ. ನಿಮ್ಮ ಪ್ಯಾಕೇಜ್ ಎಷ್ಟೇ ಚೆನ್ನಾಗಿದ್ದರೂ ಗುಂಪಿನಲ್ಲಿರುವ ಇನ್ನೊಂದನ್ನು ಕೆಡಿಸುವುದಾದರೆ ಅದಕ್ಕೆ ಪ್ರವೇಶವಿಲ್ಲ. ಈ ವ್ಯವಸ್ಥೆ ಮೊದಲಿನಿಂದ ಇದ್ದದ್ದೂ ಅಲ್ಲ. ಹಿಂದೆ ಬಿಡುಗಡೆಯ ಹೊತ್ತಿಗೆ ಅನ್‌ಸ್ಟೇಬಲನ್ನೇ ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ರಿಪೇರಿ ಮಾಡುತ್ತಿದ್ದರು. ಆಂಥನಿ ಟೌನ್ಸ್ ರೂಪಿಸಿದ ಟೆಸ್ಟಿಂಗ್ 2000ದ ಡಿಸೆಂಬರ್‌ನಲ್ಲಿ ಚಾಲ್ತಿಗೆ ಬಂತು, ಆ ದಾರಿಯಲ್ಲಿ ಹಾದುಬಂದ ಮೊದಲ ಬಿಡುಗಡೆ 2002ರ ಜುಲೈನ ‘ವುಡಿ’.

ಎಚ್ಚರಿಕೆ: ‘ಸ್ಟೇಬಲ್’ ಎಂಬುದು ಸ್ಥಾನದ ಹೆಸರು, ‘ಬುಕ್‌ವರ್ಮ್’, ‘ಟ್ರಿಕ್ಸಿ’ ಇವು ಬಿಡುಗಡೆಗಳ ಹೆಸರು. 2025ರ ಆಗಸ್ಟ್ 8ರಂದು ಸ್ಟೇಬಲ್ ಎಂದರೆ ಡೆಬಿಯನ್ 12 ಬುಕ್‌ವರ್ಮ್ ಆಗಿತ್ತು, ಮರುದಿನ ಅದು ಡೆಬಿಯನ್ 13 ಟ್ರಿಕ್ಸಿಯಾಯಿತು. ಪ್ಯಾಕೇಜುಗಳನ್ನು ತಂದು ಅನುಸ್ಥಾಪಿಸುವ ಉಪಕರಣವಾದ ಎಪಿಟಿಯ ಮೂಲಗಳ ಪಟ್ಟಿಯಲ್ಲಿ ಸಂಕೇತನಾಮದ ಬದಲು ‘ಸ್ಟೇಬಲ್’ ಎಂದು ಬರೆದಿಟ್ಟುಕೊಂಡವರ ಯಂತ್ರ ಅಂದಿನಿಂದ, ಮಾಲೀಕರು ಬಯಸಿರಲಿ ಬಿಡಲಿ, ಹೊಸ ಬಿಡುಗಡೆಯತ್ತ ಮುಖ ಮಾಡಿತು.

ಹಂತ 2: ಚೇಂಜ್‌ಲಾಗ್‌ನ ಮೊದಲ ಸಾಲನ್ನು ಬರೆಯಿರಿ

ಪ್ಯಾಕೇಜ್ ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ‘ಡೆಬಿಯನ್’ ಕಡತಕೋಶದೊಳಗಿನ ಚೇಂಜ್‌ಲಾಗ್ ಕಡತದ ಮೊದಲ ಸಾಲು. ಅದರಲ್ಲಿ ನಾಲ್ಕು ಸಂಗತಿಗಳಿರುತ್ತವೆ: ಪ್ಯಾಕೇಜಿನ ಹೆಸರು, ಆವರಣದಲ್ಲಿ ಆವೃತ್ತಿ, ಗುರಿಯ ಸಂಗ್ರಹ, ಅರ್ಧವಿರಾಮದ ನಂತರ ಅರ್ಜೆನ್ಸಿ. ಅಂದರೆ ‘ನನ್ನಪದಕೋಶ (1.4-2) ಅನ್‌ಸ್ಟೇಬಲ್; ಅರ್ಜೆನ್ಸಿ=ಮೀಡಿಯಂ’ ಎಂಬಂತೆ. ಆವೃತ್ತಿಯಲ್ಲಿ ಅಡ್ಡಗೆರೆಯ ಹಿಂದಿನ 1.4 ಮೂಲ ತಂತ್ರಾಂಶದ್ದು, ಮುಂದಿನ 2 ಡೆಬಿಯನ್‌ನಲ್ಲಿ ನೀವು ಮಾಡಿದ ಪರಿಷ್ಕರಣೆಯದು.

ಗುರಿಯ ಜಾಗದಲ್ಲಿ ಸಾಮಾನ್ಯವಾಗಿ ‘ಅನ್‌ಸ್ಟೇಬಲ್’ ಎಂದಿರುತ್ತದೆ. ಪ್ರಯೋಗದ ಹಂತದಲ್ಲಿರುವುದನ್ನು ‘ಎಕ್ಸ್‌ಪೆರಿಮೆಂಟಲ್’ಗೆ ಕಳುಹಿಸಬಹುದು. ಅಲ್ಲಿಂದ ಯಾವುದೂ ತಾನಾಗಿ ಎಲ್ಲಿಗೂ ಸಾಗುವುದಿಲ್ಲ, ಆದ್ದರಿಂದ ಅದು ಧೈರ್ಯವಾಗಿ ಬಳಸಬಹುದಾದ ಜಾಗ. ಕೆಲಸ ನಡೆಯುತ್ತಿರುವಾಗ ಉಪಕರಣಗಳು ಅಲ್ಲಿ ‘ಅನ್‌ರಿಲೀಸ್ಡ್’ ಎಂದು ಬರೆದಿಟ್ಟಿರುತ್ತವೆ. ಅದನ್ನು ಬದಲಿಸಲು ಮರೆತು ಕಳುಹಿಸಿದರೆ ಅಪ್‌ಲೋಡ್ ತಿರಸ್ಕೃತವಾಗುತ್ತದೆ, ಮೊದಲ ಅಪ್‌ಲೋಡ್‌ಗಳಲ್ಲಿ ಇದು ಬಹಳ ಸಾಮಾನ್ಯ.

ಹಂತ 3: ಅರ್ಜೆನ್ಸಿಯನ್ನು ಪ್ರಾಮಾಣಿಕವಾಗಿ ಆರಿಸಿ

ಅರ್ಜೆನ್ಸಿ ಎಂದರೆ ತುರ್ತಿನ ಮಟ್ಟ. ಪ್ಯಾಕೇಜ್ ಟೆಸ್ಟಿಂಗ್‌ಗೆ ಸಾಗುವ ಮೊದಲು ಅನ್‌ಸ್ಟೇಬಲ್‌ನಲ್ಲಿ ಎಷ್ಟು ದಿನ ಕಾಯಬೇಕೆಂದು ಅದು ಹೇಳುತ್ತದೆ. ಲೋ ಎಂದರೆ 10 ದಿನ, ಮೀಡಿಯಂ ಎಂದರೆ 5 ದಿನ, ಹೈ ಎಂದರೆ 2 ದಿನ. ಪ್ಯಾಕೇಜಿನ ಸ್ವಯಂಚಾಲಿತ ಪರೀಕ್ಷೆಗಳು ತೇರ್ಗಡೆಯಾದರೆ ಕಾಯುವ ದಿನಗಳು ಇನ್ನಷ್ಟು ಕಡಿಮೆಯಾಗುತ್ತವೆ. ಆದರೆ ಅವು ನಿಜವಾದ ಪರೀಕ್ಷೆಗಳಾಗಿರಬೇಕು. ‘ಪ್ರೋಗ್ರಾಂ ಶುರುವಾಯಿತೇ’ ಎಂದಷ್ಟೇ ನೋಡುವ ಮೇಲುಮೇಲಿನ ಪರೀಕ್ಷೆಗೆ ಈ ರಿಯಾಯಿತಿ ಸಿಗದು.

ಎರಡು ವಿಷಯಗಳು ಜನರನ್ನು ಗಲಿಬಿಲಿಗೊಳಿಸುತ್ತವೆ. ಮೊದಲನೆಯದು, ಅರ್ಜೆನ್ಸಿ ಅಂಟಿಕೊಳ್ಳುವ ಸ್ವಭಾವದ್ದು: ನೀವು ಒಮ್ಮೆ ಹೈ ಎಂದು ಕಳುಹಿಸಿ, ಅದು ಟೆಸ್ಟಿಂಗ್ ತಲುಪುವ ಮೊದಲೇ ಮೀಡಿಯಂ ಎಂದು ಇನ್ನೊಂದನ್ನು ಕಳುಹಿಸಿದರೆ, ಲೆಕ್ಕಕ್ಕೆ ಬರುವುದು ಇವೆರಡರಲ್ಲಿ ಹೆಚ್ಚಿನದೇ. ಎರಡನೆಯದು, ಪ್ರತಿ ಹೊಸ ಅಪ್‌ಲೋಡ್‌ಗೂ ದಿನಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ನನ್ನದೇ ಒಂದು ಪ್ಯಾಕೇಜಿನ ವಿವರಣೆಯಲ್ಲಿದ್ದ ಕಾಗುಣಿತದ ತಪ್ಪುಗಳನ್ನು ನಾಲ್ಕನೆಯ ದಿನಕ್ಕೊಂದರಂತೆ ತಿದ್ದಿ ಕಳುಹಿಸುತ್ತಾ ಒಂದು ಇಡೀ ತಿಂಗಳು ಅದನ್ನು ಅನ್‌ಸ್ಟೇಬಲ್‌ನಲ್ಲೇ ಕೂರಿಸಿದ್ದೆ. ಸಣ್ಣ ತಿದ್ದುಪಡಿಗಳನ್ನು ಒಟ್ಟುಮಾಡಿ ಒಮ್ಮೆಗೇ ಕಳುಹಿಸಿ.

ಈ ಕಾಯುವಿಕೆ ಗುಣಮಟ್ಟದ ಪ್ರಮಾಣಪತ್ರವಲ್ಲ. ಅನ್‌ಸ್ಟೇಬಲ್ ಬಳಸುವವರಲ್ಲಿ ಯಾರ ಕಣ್ಣಿಗಾದರೂ ದೋಷ ಬೀಳಲಿ ಎಂದು ಕೊಡುವ ಅವಕಾಶ ಅದು, ಅಷ್ಟೇ. 2024ರ ಫೆಬ್ರವರಿ-ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ, ಹಿಂಬಾಗಿಲು (ಯಂತ್ರದೊಳಗೆ ನುಸುಳಲು ಇಟ್ಟ ಗುಪ್ತ ದಾರಿ) ಅಡಗಿಸಿದ್ದ ಆವೃತ್ತಿಗಳು ನಿಯಮಗಳನ್ನೆಲ್ಲ ಪೂರೈಸಿ ಟೆಸ್ಟಿಂಗ್‌ಗೂ ಹೋಗಿದ್ದವು. ಸಿಡ್ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ದೂರದ ಯಂತ್ರಕ್ಕೆ ಪ್ರವೇಶ ಕೊಡುವ ಎಸ್‌ಎಸ್‌ಎಚ್‌ನ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬ ಸುಳಿವು ಹಿಡಿದು ಹೋದದ್ದರಿಂದ ಮಾರ್ಚ್ 29ರಂದು ವಿಷಯ ಬಯಲಾಯಿತು. ಸ್ಟೇಬಲ್‌ಗೆ ಅದು ತಲುಪಿರಲಿಲ್ಲ.

ಹಂತ 4: ಮೊದಲ ಬಾರಿಗೆ ಸೇರಿಸುತ್ತಿದ್ದರೆ ಎರಡು ಅಪ್‌ಲೋಡ್‌ಗೆ ಸಿದ್ಧರಾಗಿ

ಮೂರು ವಾರವಾದರೂ ಕದಲದ ಪ್ಯಾಕೇಜುಗಳಲ್ಲಿ ಬಹುಪಾಲಿನ ಕಾರಣ ಇಲ್ಲಿಯೇ ಇದೆ ಎಂಬುದು ನನ್ನ ಅನುಭವ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಡೆಬಿಯನ್‌ಗೆ ಹೊಸದಾಗಿ ಬರುವ ಪ್ಯಾಕೇಜ್ ‘ನ್ಯೂ’ ಎಂಬ ಸರತಿಯಲ್ಲಿ ನಿಲ್ಲುತ್ತದೆ. ಅಲ್ಲಿ ಎಫ್‌ಟಿಪಿ ಮಾಸ್ಟರ್ ತಂಡದವರು ಮುಖ್ಯವಾಗಿ ಅದರ ಪರವಾನಗಿ ಮತ್ತು ಹಕ್ಕುಸ್ವಾಮ್ಯದ ವಿವರಗಳನ್ನು ಪರಿಶೀಲಿಸುತ್ತಾರೆ. ಈ ಪರಿಶೀಲನೆಗಾಗಿ ಮೂಲಸಂಕೇತದ ಜೊತೆಗೆ ನೀವು ನಿಮ್ಮ ಯಂತ್ರದಲ್ಲಿ ಕಟ್ಟಿದ ಬೈನರಿ, ಅಂದರೆ ನೇರವಾಗಿ ಅನುಸ್ಥಾಪಿಸಬಹುದಾದ ಡೆಬ್ ಕಡತ, ಕೂಡ ಕಳುಹಿಸಬೇಕಾಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಆ ಬೈನರಿ ಅನ್‌ಸ್ಟೇಬಲ್‌ಗೆ ಸೇರುತ್ತದೆ. ತೊಡಕಿರುವುದು ಅದರ ಮುಂದೆ: ಡೆಬಿಯನ್‌ನ ಸ್ವಂತ ಬಿಲ್ಡ್ ಯಂತ್ರಗಳಲ್ಲಿ ಕಟ್ಟಿದ ಬೈನರಿಗಳಿಗೆ ಮಾತ್ರ ಟೆಸ್ಟಿಂಗ್‌ಗೆ ಪ್ರವೇಶ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ್ದು ಎಷ್ಟು ದಿನ ಕಾದರೂ ಮುಂದೆ ಸಾಗದು.

ಹಾಗಾಗಿ ‘ನ್ಯೂ’ ಸರತಿ ದಾಟಿದ ಕೂಡಲೇ ಪರಿಷ್ಕರಣೆಯ ಸಂಖ್ಯೆಯನ್ನು ಒಂದು ಹೆಚ್ಚಿಸಿ, ಮೂಲಸಂಕೇತವನ್ನು ಮಾತ್ರ ಒಳಗೊಂಡ ಇನ್ನೊಂದು ಅಪ್‌ಲೋಡ್ ಮಾಡಬೇಕು. ಇದಕ್ಕೆ ಸೋರ್ಸ್-ಓನ್ಲಿ ಅಪ್‌ಲೋಡ್ ಎನ್ನುತ್ತಾರೆ. ಫಾಂಟ್, ಪದಕೋಶ, ದಾಖಲೆಗಳಂತಹ ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಪ್ಯಾಕೇಜುಗಳನ್ನು ಮಾಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಡೆಬಿಯನ್‌ನಲ್ಲಿರುವ ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟ್‌ಗಳ ಪ್ಯಾಕೇಜುಗಳು ಈ ಜಾತಿಯವೇ, ಅವುಗಳ ಆರ್ಕಿಟೆಕ್ಚರ್, ಅಂದರೆ ಯಾವ ಬಗೆಯ ಪ್ರೊಸೆಸರ್‌ಗೆ ಎಂಬುದು, ‘ಆಲ್’. ಒಂದು ನಿರ್ದಿಷ್ಟ ಪ್ರೊಸೆಸರ್‌ಗೆ ಕಟ್ಟಿದ ಬೈನರಿಯನ್ನಾದರೆ ಮೂಲಸಂಕೇತ ಮುಟ್ಟದೆ ಬಿಲ್ಡ್ ಯಂತ್ರದಲ್ಲಿ ಮರುಕಟ್ಟಿಸಲು ಒಂದು ದಾರಿಯಿದೆ, ‘ಆಲ್’ ಪ್ಯಾಕೇಜುಗಳಿಗೆ ಆ ದಾರಿಯೂ ಇಲ್ಲ.

ಹಂತ 5: ‘ನೆಪಗಳ’ ಪುಟವನ್ನು ಓದಲು ಕಲಿಯಿರಿ

ಅನ್‌ಸ್ಟೇಬಲ್‌ನಿಂದ ಟೆಸ್ಟಿಂಗ್‌ಗೆ ಪ್ಯಾಕೇಜುಗಳನ್ನು ಸಾಗಿಸುವ ಪ್ರೋಗ್ರಾಂನ ಹೆಸರು ಬ್ರಿಟ್ನಿ. ಅದು ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಓಡಿ, ಪ್ರತಿ ಪ್ಯಾಕೇಜಿನ ಬಗೆಗೂ ತೀರ್ಮಾನ ಮಾಡಿ, ತಡೆದಿದ್ದರೆ ಕಾರಣವನ್ನು ಬರೆದಿಡುತ್ತದೆ. ಆ ಪಟ್ಟಿಗೆ ಎಕ್ಸ್‌ಕ್ಯೂಸಸ್, ಅಂದರೆ ನೆಪಗಳು, ಎಂದೇ ಹೆಸರು. ಡೆಬಿಯನ್ ಪ್ಯಾಕೇಜ್ ಟ್ರ್ಯಾಕರ್‌ನಲ್ಲಿ ನಿಮ್ಮ ಪ್ಯಾಕೇಜಿನ ಪುಟ ತೆರೆದರೆ ಅದಕ್ಕೆ ಸಂಬಂಧಿಸಿದ ನೆಪಗಳು ಅಲ್ಲೇ ಕಾಣುತ್ತವೆ. ಯಾರನ್ನಾದರೂ ಕೇಳುವ ಮೊದಲು ಇದನ್ನು ಓದಿ, ಹತ್ತರಲ್ಲಿ ಒಂಬತ್ತು ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಇರುತ್ತದೆ. ಅಲ್ಲಿ ಕಾಣುವ ಸಂದೇಶಗಳ ತಾತ್ಪರ್ಯ ಹೀಗಿದೆ.

“ಇನ್ನೂ ಎಳೆಯದು, 5 ದಿನಗಳಲ್ಲಿ 3 ಆಗಿದೆ”: ಸುಮ್ಮನೆ ಕಾಯಿರಿ.

“ಬೈನರಿ ಬಿಲ್ಡ್ ಯಂತ್ರದಲ್ಲಿ ಕಟ್ಟಿದ್ದಲ್ಲ”: ಹಂತ 4ಕ್ಕೆ ಮರಳಿ.

“ಇಂಥ ಆರ್ಕಿಟೆಕ್ಚರ್‌ನಲ್ಲಿ ಬಿಲ್ಡ್ ಇಲ್ಲ”: ಹಿಂದೆ ಯಾವ ಯಾವ ಪ್ರೊಸೆಸರ್‌ಗಳಿಗೆ ನಿಮ್ಮ ಪ್ಯಾಕೇಜ್ ಲಭ್ಯವಿತ್ತೋ ಅವೆಲ್ಲಕ್ಕೂ ಹೊಸ ಆವೃತ್ತಿಯೂ ಕಟ್ಟಲ್ಪಡಬೇಕು. ನಿಮ್ಮ ಎಎಂಡಿ64 ಯಂತ್ರದಲ್ಲಿ ಸರಾಗವಾಗಿ ಕಟ್ಟಿದ್ದು ಎಸ್390ಎಕ್ಸ್‌ನಲ್ಲಿ ಬೈಟ್‌ಗಳ ಕ್ರಮ ಬೇರೆಯಾಗಿರುವುದರಿಂದ ಪರೀಕ್ಷೆಯಲ್ಲಿ ಸೋಲಬಹುದು. ಡೆಬಿಯನ್ 13ರಲ್ಲಿ ಅಧಿಕೃತವಾಗಿ ಸೇರಿದ ರಿಸ್ಕ್-ವಿ 64ರಲ್ಲಿ ಕಾಲಮಿತಿ ಮೀರಿ ಬಿಲ್ಡ್ ನಿಲ್ಲಬಹುದು. ಬಿಲ್ಡ್ ದಾಖಲೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ, ಮೊದಲ ದೋಷ ಎಲ್ಲಿದೆ ಎಂದು ಹುಡುಕಿ. ಆ ಪ್ರೊಸೆಸರ್‌ಗೆ ನಿಮ್ಮ ತಂತ್ರಾಂಶ ನಿಜಕ್ಕೂ ಹೊಂದದಿದ್ದರೆ ಅಲ್ಲಿನ ಹಳೆಯ ಬೈನರಿಯನ್ನು ಅನ್‌ಸ್ಟೇಬಲ್‌ನಿಂದ ತೆಗೆಯಿರೆಂದು ಎಫ್‌ಟಿಪಿ ಮಾಸ್ಟರ್ ತಂಡಕ್ಕೆ ಕೋರಿಕೆ ಸಲ್ಲಿಸಬೇಕು. ಪ್ಯಾಕೇಜಿನ ವಿವರಗಳಿರುವ ಕಂಟ್ರೋಲ್ ಕಡತದಿಂದ ಆ ಪ್ರೊಸೆಸರ್‌ನ ಹೆಸರನ್ನು ಅಳಿಸಿದರೆ ಮಾತ್ರ ಸಾಲದು.

“ಇಂಥದ್ದರ ನಂತರ ಸಾಗುತ್ತದೆ”: ನಿಮ್ಮ ಪ್ಯಾಕೇಜ್ ಅವಲಂಬಿಸಿರುವ ಇನ್ನೊಂದು ಪ್ಯಾಕೇಜ್ ಅಥವಾ ಅದರ ಬೇಕಾದ ಆವೃತ್ತಿ ಇನ್ನೂ ಟೆಸ್ಟಿಂಗ್‌ನಲ್ಲಿಲ್ಲ. ಅದರ ಪುಟಕ್ಕೆ ಹೋಗಿ ಅದರ ನೆಪವೇನೆಂದು ನೋಡಿ. ಸರಪಳಿಯ ತುದಿಯವರೆಗೂ ಹೋಗಬೇಕಾದೀತು.

“ಸ್ವಯಂಚಾಲಿತ ಪರೀಕ್ಷೆಯಲ್ಲಿ ಹಿನ್ನಡೆ”: ಇದನ್ನು ಓದುವಾಗ ಹೆಸರನ್ನು ಸರಿಯಾಗಿ ಗಮನಿಸಿ. ಸೋತಿರುವುದು ನಿಮ್ಮ ಪ್ಯಾಕೇಜಿನ ಪರೀಕ್ಷೆಯೇ ಆಗಿರಬೇಕೆಂದಿಲ್ಲ. ನಿಮ್ಮದನ್ನು ಬಳಸುವ ಬೇರೊಂದು ಪ್ಯಾಕೇಜಿನ ಪರೀಕ್ಷೆ ನಿಮ್ಮ ಹೊಸ ಆವೃತ್ತಿಯ ಜೊತೆ ಸೋತರೂ ತಡೆಯಾಗುವುದು ನಿಮ್ಮ ಪ್ಯಾಕೇಜೇ. ಇದು ಅನ್ಯಾಯವೆಂದು ಹಲವರು ಗೊಣಗುತ್ತಾರೆ. ಹಂತ 1ರಲ್ಲಿ ಹೇಳಿದ ಗುಂಪಿನ ಗುಣ ಎಂಬುದು ಕಾರ್ಯರೂಪದಲ್ಲಿ ಕಾಣುವುದು ಹೀಗೆಯೇ, ನನಗಂತೂ ಇದು ಸರಿಯೆನಿಸುತ್ತದೆ. ತಪ್ಪು ನಿಮ್ಮದಾದರೆ ತಿದ್ದಿ. ಅವರದಾದರೆ ಅವರ ಪ್ಯಾಕೇಜಿನ ಮೇಲೆ ದೋಷವರದಿ ಸಲ್ಲಿಸಿ, ಸಾಧ್ಯವಾದರೆ ಪರಿಹಾರದ ಪ್ಯಾಚನ್ನೂ ಜೊತೆಗಿಡಿ. ಅವರ ಹಳೆಯ ಆವೃತ್ತಿ ನಿಮ್ಮ ಹೊಸದರೊಂದಿಗೆ ಖಂಡಿತ ಕೆಲಸ ಮಾಡದು ಎಂದಾದರೆ ನಿಮ್ಮ ಕಂಟ್ರೋಲ್ ಕಡತದಲ್ಲಿ ‘ಬ್ರೇಕ್ಸ್’ ಎಂಬ ಸಾಲಿನಲ್ಲಿ ಅದನ್ನು ಘೋಷಿಸಿ.

ಹಂತ 6: ಬಿಡುಗಡೆ ತಡೆಯುವ ದೋಷಗಳನ್ನು ನಿಭಾಯಿಸಿ

ಡೆಬಿಯನ್‌ನ ದೋಷ ವ್ಯವಸ್ಥೆಯಲ್ಲಿ ಕ್ರಿಟಿಕಲ್, ಗ್ರೇವ್, ಸೀರಿಯಸ್ ಎಂಬ ಮೂರು ತೀವ್ರತೆಗಳ ದೋಷಗಳಿಗೆ ಆರ್‌ಸಿ ದೋಷ, ಅಂದರೆ ಬಿಡುಗಡೆಯನ್ನೇ ತಡೆಯುವ ದೋಷ, ಎನ್ನುತ್ತಾರೆ. ನಿಯಮ ಹೇಳುವುದು ಇಷ್ಟು: ಹೊಸ ಆವೃತ್ತಿಯಿಂದ ಟೆಸ್ಟಿಂಗ್‌ಗೆ ಹೊಸದೊಂದು ಆರ್‌ಸಿ ದೋಷ ಬರಬಾರದು. ಅಲ್ಲಿರುವ ಹಳೆಯ ಆವೃತ್ತಿಯಲ್ಲೂ ಅದೇ ದೋಷವಿದ್ದರೆ ಹೊಸದನ್ನು ಆ ಕಾರಣಕ್ಕೆ ತಡೆಯುವುದಿಲ್ಲ. ಹಾಗಾಗಿ ದೋಷವರದಿಯಲ್ಲಿ ಅದು ಯಾವ ಆವೃತ್ತಿಯಿಂದ ಇದೆ ಎಂಬುದು ಸರಿಯಾಗಿ ದಾಖಲಾಗಿರಬೇಕು. ವರದಿ ಮಾಡಿದವರು ಹೊಸ ಆವೃತ್ತಿಯನ್ನಷ್ಟೇ ನಮೂದಿಸಿದ್ದು, ದೋಷ ಹಳೆಯದರಲ್ಲೂ ಇದ್ದರೆ, ದೋಷ ವ್ಯವಸ್ಥೆಯ ನಿಯಂತ್ರಣ ವಿಳಾಸಕ್ಕೆ ‘ಫೌಂಡ್’ ಆದೇಶವಿರುವ ಇಮೇಲ್ ಕಳುಹಿಸಿ ಹಳೆಯ ಆವೃತ್ತಿಯನ್ನೂ ಸೇರಿಸಿ. ತೀವ್ರತೆಯನ್ನು ಕಡಿಮೆ ಮಾಡಿ ದಾರಿ ಮಾಡಿಕೊಳ್ಳುವುದು ಸುಲಭವೆನಿಸಬಹುದು, ಅದನ್ನು ಮಾಡಬೇಡಿ. ಮಾಡಿದ್ದು ಎಲ್ಲರಿಗೂ ಕಾಣುತ್ತದೆ.

ಟೆಸ್ಟಿಂಗ್‌ಗೆ ಸೇರಿದ ಮೇಲೂ ನಿಶ್ಚಿಂತೆಯಿಲ್ಲ. ಮುಖ್ಯ ಪ್ಯಾಕೇಜುಗಳೆಂದು ಗುರುತಿಸದ ಪ್ಯಾಕೇಜಿನಲ್ಲಿ ಆರ್‌ಸಿ ದೋಷ ತಿದ್ದದೆ ಉಳಿದರೆ, ಮುನ್ಸೂಚನೆಯ ಇಮೇಲ್ ಕೊಟ್ಟು ಅದನ್ನು ಟೆಸ್ಟಿಂಗ್‌ನಿಂದ ತೆಗೆದುಹಾಕುತ್ತಾರೆ, ಅದನ್ನು ಅವಲಂಬಿಸಿದವೂ ಜೊತೆಗೇ ಹೋಗುತ್ತವೆ. ಆ ಇಮೇಲನ್ನು ಕಸವೆಂದು ಅಳಿಸಬೇಡಿ.

ತಿದ್ದಲಾಗದೆ ಹಳೆಯ ಆವೃತ್ತಿಗೇ ಮರಳಬೇಕಾದರೆ ಸಂಖ್ಯೆಯನ್ನು ಇಳಿಸುವಂತಿಲ್ಲ, ಆವೃತ್ತಿ ಸಂಖ್ಯೆ ಏರುತ್ತಲೇ ಇರಬೇಕು. ಎಕ್ಸ್‌ಝಡ್ ಪ್ರಕರಣದಲ್ಲಿ 5.4.5ಕ್ಕೆ ಮರಳುವಾಗ ಕೊಟ್ಟ ಆವೃತ್ತಿ ‘5.6.1+ರಿಯಲಿ5.4.5-1’. ಹೆಸರಿಗೆ 5.6.1, ಒಳಗಿರುವುದು ನಿಜವಾಗಿ 5.4.5.

ಹಂತ 7: ಲೈಬ್ರರಿಯಾದರೆ ಮೊದಲು ಅನುಮತಿ ಪಡೆಯಿರಿ

ನಿಮ್ಮದು ಲೈಬ್ರರಿಯಾಗಿದ್ದು, ಹೊಸ ಆವೃತ್ತಿಯಲ್ಲಿ ಅದರ ಎಸ್‌ಒ ಹೆಸರು, ಅಂದರೆ ಇತರ ಪ್ರೋಗ್ರಾಂಗಳು ಅದನ್ನು ಗುರುತಿಸುವ ಸಂಖ್ಯೆಯುಳ್ಳ ಹೆಸರು, ಬದಲಾಗಿದ್ದರೆ ಅದನ್ನು ಬಳಸುವ ಪ್ರತಿಯೊಂದು ಪ್ಯಾಕೇಜನ್ನೂ ಮರುಕಟ್ಟಬೇಕಾಗುತ್ತದೆ. ಇದಕ್ಕೆ ಟ್ರಾನ್ಸಿಶನ್ ಎನ್ನುತ್ತಾರೆ. ಮೊದಲು ಎಕ್ಸ್‌ಪೆರಿಮೆಂಟಲ್‌ಗೆ ಕಳುಹಿಸಿ, ಅವಲಂಬಿತ ಪ್ಯಾಕೇಜುಗಳು ಅದರೊಂದಿಗೆ ಕಟ್ಟಲ್ಪಡುತ್ತವೆಯೇ ಎಂದು ಪರೀಕ್ಷಿಸಿ, ಬಿಡುಗಡೆ ತಂಡದ ಹುಸಿ ಪ್ಯಾಕೇಜಿನ (ಕೋರಿಕೆ ಸಲ್ಲಿಸಲೆಂದೇ ದೋಷ ವ್ಯವಸ್ಥೆಯಲ್ಲಿರುವ ಹೆಸರು) ಮೇಲೆ ದೋಷವರದಿಯ ರೂಪದಲ್ಲಿ ಅನುಮತಿ ಕೇಳಿ, ಅದು ಸಿಕ್ಕ ಮೇಲೆಯೇ ಅನ್‌ಸ್ಟೇಬಲ್‌ಗೆ ಕಳುಹಿಸಿ. ಈ ಪ್ಯಾಕೇಜುಗಳೆಲ್ಲ ಒಟ್ಟಿಗೆ ಹೊಸಿಲು ದಾಟಬೇಕು, ಒಂದು ಸಿಕ್ಕಿಕೊಂಡರೆ ಎಲ್ಲವೂ ನಿಲ್ಲುತ್ತವೆ.

ಹಂತ 8: ಫ್ರೀಝ್‌ನ ದಿನಗಳನ್ನು ಗುರುತು ಹಾಕಿಕೊಳ್ಳಿ

ಬಿಡುಗಡೆ ಹತ್ತಿರವಾದಂತೆ ಟೆಸ್ಟಿಂಗ್‌ನ ನಿಯಮಗಳು ಬಿಗಿಯಾಗುತ್ತವೆ, ಇದಕ್ಕೆ ಫ್ರೀಝ್ ಎನ್ನುತ್ತಾರೆ. ಟ್ರಿಕ್ಸಿಯ ವೇಳಾಪಟ್ಟಿಯನ್ನೇ ನೋಡಿ. 2025ರ ಮಾರ್ಚ್ 15ರಂದು ಟ್ರಾನ್ಸಿಶನ್‌ಗಳು ನಿಂತವು. ಏಪ್ರಿಲ್ 15ರ ಸಾಫ್ಟ್ ಫ್ರೀಝ್‌ನಿಂದ ಹೊಸ ಪ್ಯಾಕೇಜುಗಳಿಗೆ ಬಾಗಿಲು ಮುಚ್ಚಿತು, ತೆಗೆದುಹಾಕಿದವು ಮರಳಿ ಬರುವುದೂ ನಿಂತಿತು. ಮೇ 15ರ ಹಾರ್ಡ್ ಫ್ರೀಝ್‌ನಿಂದ ಮುಖ್ಯ ಪ್ಯಾಕೇಜುಗಳಿಗೂ ಸರಿಯಾದ ಸ್ವಯಂಚಾಲಿತ ಪರೀಕ್ಷೆಗಳಿಲ್ಲದವಕ್ಕೂ ಬಿಡುಗಡೆ ತಂಡದ ಕೈಯಾರೆ ಅನುಮತಿ ಬೇಕಾಯಿತು. ಜುಲೈ 27ರ ಫುಲ್ ಫ್ರೀಝ್‌ನಿಂದ ಎಲ್ಲಕ್ಕೂ ಬೇಕಾಯಿತು. ಆಗಸ್ಟ್ 9ಕ್ಕೆ ಬಿಡುಗಡೆಯಾಯಿತು.

ಇದರ ಅರ್ಥ, ನಿಮ್ಮ ಹೊಸ ಪ್ಯಾಕೇಜ್ ಮುಂದಿನ ಸ್ಟೇಬಲ್‌ನಲ್ಲಿ ಇರಬೇಕಾದರೆ ಸಾಫ್ಟ್ ಫ್ರೀಝ್‌ಗೆ ಮೊದಲೇ ಅದು ಟೆಸ್ಟಿಂಗ್‌ನಲ್ಲಿರಬೇಕು; ‘ನ್ಯೂ’ ಸರತಿಯ ಕಾಯುವಿಕೆ, ಎರಡನೆಯ ಅಪ್‌ಲೋಡ್, ಅನ್‌ಸ್ಟೇಬಲ್‌ನಲ್ಲಿ ಕಾಯುವ ದಿನಗಳು ಎಲ್ಲವನ್ನೂ ಅದಕ್ಕಿಂತ ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಿ. ಫ್ರೀಝ್ ನಡೆಯುತ್ತಿರುವಾಗ ಅನ್‌ಸ್ಟೇಬಲ್‌ಗೆ ಹೊಚ್ಚಹೊಸ ಆವೃತ್ತಿ ಕಳುಹಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಆಮೇಲೆ ಟೆಸ್ಟಿಂಗ್‌ನಲ್ಲಿರುವ ಹಳೆಯದಕ್ಕೆ ಸಣ್ಣ ತಿದ್ದುಪಡಿ ಬೇಕಾದರೆ ಅನ್‌ಸ್ಟೇಬಲ್‌ನ ಮೂಲಕ ಕಳುಹಿಸುವ ದಾರಿಯೇ ಮುಚ್ಚಿರುತ್ತದೆ. ಆ ದಿನಗಳಲ್ಲಿ ಹೊಸತನಕ್ಕೆ ಎಕ್ಸ್‌ಪೆರಿಮೆಂಟಲ್ ಇದೆ.

ಹಂತ 9: ಬಿಡುಗಡೆಯಾದ ಮೇಲೆ ಸ್ಟೇಬಲ್‌ನಲ್ಲಿ ತಿದ್ದುವುದು

ಭದ್ರತೆಯ ದೋಷವಾದರೆ ಭದ್ರತಾ ತಂಡವನ್ನು ಮೊದಲು ಸಂಪರ್ಕಿಸಿ, ಅವರ ದಾರಿ ಬೇರೆ. ಉಳಿದ ಗಂಭೀರ ದೋಷಗಳಿಗೆ ಬಿಡುಗಡೆ ತಂಡದ ಒಪ್ಪಿಗೆ ಬೇಕು. ಅವರು ನೋಡುವುದು ಮುಖ್ಯವಾಗಿ ಮೂರು: ದೋಷ ನಿಜಕ್ಕೂ ದೊಡ್ಡದೇ, ಅದನ್ನು ಅನ್‌ಸ್ಟೇಬಲ್‌ನಲ್ಲಿ ಈಗಾಗಲೇ ತಿದ್ದಿದೆಯೇ, ಬದಲಾವಣೆ ಅಗತ್ಯವಿದ್ದಷ್ಟೇ ಇದೆಯೇ. ಹಳೆಯ ಮತ್ತು ಹೊಸ ಮೂಲಸಂಕೇತಗಳ ವ್ಯತ್ಯಾಸ ತೋರಿಸುವ ಡೆಬ್‌ಡಿಫ್ ಅನ್ನು ಕೋರಿಕೆಗೆ ಲಗತ್ತಿಸಿ. ಅದರಲ್ಲಿ ಖಾಲಿ ಜಾಗಗಳ ಸರಿಪಡಿಸುವಿಕೆ, ಪ್ಯಾಕೇಜ್ ಕಟ್ಟುವ ಸಹಾಯಕ ಉಪಕರಣವಾದ ಡೆಬ್‌ಹೆಲ್ಪರ್‌ನ ಹೊಸ ಮಟ್ಟ ಇತ್ಯಾದಿ ಕಂಡರೆ ಕೋರಿಕೆ ಹಿಂತಿರುಗುತ್ತದೆ.

ಚೇಂಜ್‌ಲಾಗ್‌ನ ಗುರಿಯ ಜಾಗದಲ್ಲಿ ಈಗ ‘ಟ್ರಿಕ್ಸಿ’ ಎಂದು ಬರೆಯುತ್ತೀರಿ. ಆವೃತ್ತಿಯನ್ನು ರೂಪಿಸುವುದರಲ್ಲಿ ಎಚ್ಚರ ಬೇಕು. ಸ್ಟೇಬಲ್‌ನಲ್ಲಿರುವುದು 1.4-2 ಆದರೆ ತಿದ್ದಿದ್ದು ‘1.4-2+ಡೆಬ್13ಯು1’ ಆಗುತ್ತದೆ. ಕೂಡಿಸುವ ಚಿಹ್ನೆಯಿಂದಾಗಿ ಇದು 1.4-2ಕ್ಕಿಂತ ದೊಡ್ಡದು, ಆದರೆ 1.4-3ಕ್ಕಿಂತ ಚಿಕ್ಕದು. ಹೊಸ ಆವೃತ್ತಿಯನ್ನು ಸ್ಟೇಬಲ್ ಬಳಕೆದಾರರಿಗೆ ಒದಗಿಸುವ ಬ್ಯಾಕ್‌ಪೋರ್ಟ್ಸ್ ಸಂಗ್ರಹಕ್ಕೆ ಕಳುಹಿಸುವಾಗ ಇದಕ್ಕೆ ತದ್ವಿರುದ್ಧ: ‘1.5-1~ಬಿಪಿಒ13+1’. ಡೆಬಿಯನ್‌ನ ಹೋಲಿಕೆಯಲ್ಲಿ ಟಿಲ್ಡೆ ಚಿಹ್ನೆ ಏನೂ ಇಲ್ಲದಿರುವುದಕ್ಕಿಂತಲೂ ಕಡಿಮೆ, ಆದ್ದರಿಂದ ಇದು 1.5-1ಕ್ಕಿಂತ ಚಿಕ್ಕದು, ಬಳಕೆದಾರರು ಮುಂದಿನ ಬಿಡುಗಡೆಗೆ ಹೋದಾಗ ಅಲ್ಲಿನ 1.5-1 ಸರಿಯಾಗಿ ಇದರ ಜಾಗಕ್ಕೆ ಬರುತ್ತದೆ. ಎರಡು ಚಿಹ್ನೆಗಳನ್ನು ಅದಲುಬದಲು ಮಾಡಿದರೆ ಕಳುಹಿಸಿದ ದಿನ ಏನೂ ಆಗದು, ತೊಂದರೆ ಕಾಣುವುದು ಎರಡು ವರ್ಷದ ನಂತರ ಯಾರೋ ಅಪ್‌ಗ್ರೇಡ್ ಮಾಡುವಾಗ. ಅನುಮಾನವಿದ್ದರೆ ಡೆಬಿಯನ್‌ನ ಪ್ಯಾಕೇಜ್ ನಿರ್ವಹಣೆಯ ಉಪಕರಣವಾದ ಡಿಪಿಕೆಜಿಯ ‘ಕಂಪೇರ್-ವರ್ಷನ್ಸ್’ ಆದೇಶಕ್ಕೆ ಎರಡೂ ಆವೃತ್ತಿಗಳನ್ನು ಕೊಟ್ಟು ಯಾವುದು ದೊಡ್ಡದೆಂದು ಕೇಳಿ ನೋಡಿ.

ಒಪ್ಪಿಗೆ ಪಡೆದ ತಿದ್ದುಪಡಿ ನೇರವಾಗಿ ಸ್ಟೇಬಲ್‌ಗೆ ಹೋಗುವುದಿಲ್ಲ. ಅದು ‘ಪ್ರೊಪೋಸ್ಡ್-ಅಪ್‌ಡೇಟ್ಸ್’ ಎಂಬ ಕಾಯುವ ಕೋಣೆಯಲ್ಲಿ ಕೂತಿದ್ದು, ಮುಂದಿನ ಪಾಯಿಂಟ್ ಬಿಡುಗಡೆಯ ದಿನ, ಉದಾಹರಣೆಗೆ 13.1 ಅಥವಾ 13.2 ಹೊರಬರುವಾಗ, ಉಳಿದ ತಿದ್ದುಪಡಿಗಳ ಜೊತೆ ಒಳಗೆ ಹೋಗುತ್ತದೆ. ಈ ನಡುವೆ ನೀವೇ ಒಂದು ಯಂತ್ರದಲ್ಲಿ ಆ ಸಂಗ್ರಹವನ್ನು ಸೇರಿಸಿಕೊಂಡು ನಿಮ್ಮ ಪ್ಯಾಕೇಜನ್ನು ಅನುಸ್ಥಾಪಿಸಿ ನೋಡಿ. ತಪ್ಪು ಕಂಡರೆ ಪಾಯಿಂಟ್ ಬಿಡುಗಡೆಗೆ ಮೊದಲೇ ‘ಯು2’ ಎಂದು ಇನ್ನೊಂದನ್ನು ಕಳುಹಿಸಲು ಆಗ ಸಮಯವಿರುತ್ತದೆ.